ನಲವತ್ತು ಚಿಲ್ಲರೆ ಜನರ ಮಾಸ್ಟಡಾನ್ ಸರ್ವರ್: ಡಿಸ್ಕ್ ತುಂಬಿದೆ, ನಾನೂ ಸುಸ್ತಾಗಿದ್ದೇನೆ, ಏನು ಮಾಡಲಿ?

ಕೋಥರೂಡ್ ಹುಡುಗ

ಎಲ್ಲರಿಗೂ ನಮಸ್ಕಾರ. ಪುಣೆಯಿಂದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

2024ರ ಜುಲೈನಲ್ಲಿ ಟ್ವಿಟರ್ ತರಹದ ಕೂ ಆ್ಯಪ್ ಮುಚ್ಚಿತಲ್ಲ, ಆಗ ನಮ್ಮ ಗೆಳೆಯರ ಗುಂಪಿನಲ್ಲಿ ದೊಡ್ಡ ಚರ್ಚೆ ಆಯ್ತು. ಅದು 2020ರಲ್ಲಿ ಶುರುವಾಗಿದ್ದೇ ಕನ್ನಡದಲ್ಲಿ. ಕಂಡವರ ಅಂಗಳದಲ್ಲಿ ಎಷ್ಟು ದಿನ ರಂಗೋಲಿ ಹಾಕೋದು, ನಮ್ಮದೇ ಒಂದು ಅಂಗಳ ಮಾಡೋಣ ಅಂತ ನಾನು ಜೋಶ್‌ನಲ್ಲಿ ಹೇಳಿಬಿಟ್ಟೆ. ಹೇಳಿದವನ ತಲೆಗೇ ಬಂತು. ಒಂದು ವಿಪಿಎಸ್, ಅಂದರೆ ಬಾಡಿಗೆ ಸರ್ವರ್ ತಗೊಂಡೆ, 2 ಕೋರ್, 4 ಜಿಬಿ ರ‍್ಯಾಮ್, 80 ಜಿಬಿ ಡಿಸ್ಕ್. ಡೊಮೇನ್ ತಗೊಂಡೆ. ಎರಡು ರಾತ್ರಿ ನಿದ್ದೆಗೆಟ್ಟು ಮಾಸ್ಟಡಾನ್ ಹಾಕಿದೆ. ಅದೂ ಟ್ವಿಟರ್ ತರಹದ್ದೇ, ಆದರೆ ಯಾರು ಬೇಕಾದರೂ ತಮ್ಮದೇ ಸರ್ವರ್ ನಡೆಸಬಹುದು, ಬೇರೆ ಸರ್ವರ್ ಜನರ ಜೊತೆಗೂ ಮಾತಾಡಬಹುದು. ಈಗ 43 ಅಕೌಂಟ್ ಇವೆ, ಪುಣೆ, ಮುಂಬೈ, ಸೊಲ್ಲಾಪುರದ ಕನ್ನಡದವರು. ದಿನಾ ಬರೆಯುವವರು ಹನ್ನೆರಡು ಜನ ಇರಬಹುದು. ತಿಂಗಳಿಗೆ ಸುಮಾರು 1,500 ರೂಪಾಯಿ ನನ್ನ ಜೇಬಿನಿಂದ ಹೋಗುತ್ತದೆ. ಅದರ ಬಗ್ಗೆ ಬೇಜಾರಿಲ್ಲ.

ಬೇಜಾರು ಬೇರೆ. ಹೋದ ಭಾನುವಾರ ಮದುವೆಗೆ ಅಂತ ಊರಿಗೆ ಹೋಗಿದ್ದೆ. ಊಟಕ್ಕೆ ಕೂತಿದ್ದೇನೆ, ಹೋಳಿಗೆ ಬಡಿಸುತ್ತಿದ್ದಾರೆ, ಅಷ್ಟರಲ್ಲಿ ಫೋನ್. 'ಅಣ್ಣಾ, ಸೈಟ್ ಓಪನ್ ಆಗ್ತಾ ಇಲ್ಲ.' ಒಂದಲ್ಲ, ನಾಲ್ಕು ಫೋನ್. ಡಿಸ್ಕ್ ನೂರಕ್ಕೆ ನೂರು ತುಂಬಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬರೆಯೋದನ್ನೇ ನಿಲ್ಲಿಸಿತ್ತು. ಎಲೆ ಮುಂದೆ ಕೂತು ಎಡಗೈಯಲ್ಲಿ ಮೊಬೈಲ್‌ನಿಂದ ಲಾಗಿನ್ ಆಗಿ, ಹಳೆ ಲಾಗ್ ಫೈಲ್ ಅಳಿಸಿ, ಹೇಗೋ 1 ಜಿಬಿ ಜಾಗ ಮಾಡಿ ಎಬ್ಬಿಸಿದೆ. ಹೋಳಿಗೆ ಮೇಲಿನ ತುಪ್ಪ ಹೆಪ್ಪುಗಟ್ಟಿತ್ತು.

ನನ್ನ ಪ್ರಶ್ನೆ: 43 ಜನ, ಬರೆಯೋದು ಬಹುತೇಕ ಬರೀ ಅಕ್ಷರ. 80 ಜಿಬಿ ಎಲ್ಲಿಗೆ ಹೋಯ್ತು? ಮಾಸ್ಟಡಾನ್ ತರಹದ್ದೇ ಸಾಫ್ಟ್‌ವೇರ್, ಹಗುರ ಅಂತಾರಲ್ಲ, ಆ ಗೋಟುಸೋಶಿಯಲ್‌ಗೆ ಬದಲಾಯಿಸಲಾ? ಮನೆಯಲ್ಲೇ ಹಳೆ ಕಂಪ್ಯೂಟರ್‌ನಲ್ಲಿ ಇಡಲಾ? ಇಲ್ಲಿ ಗುರುವಾರ ಬಂತೆಂದರೆ ರಿಪೇರಿ ಅಂತ ಕರೆಂಟ್ ತೆಗೆಯುತ್ತಾರೆ, ಅದೊಂದು ಚಿಂತೆ. ಅಥವಾ ಮುಚ್ಚಿಬಿಡಲಾ? ಮನೆಯವಳು ಮೂರನೆಯದಕ್ಕೆ ವೋಟ್ ಹಾಕಿದ್ದಾಳೆ.

ಡೊಂಬಿವಲಿ ಸ್ಲೋ ಲೋಕಲ್

ಮಾರಾಯ್ರೆ, ಮೊದಲು ಉಸಿರು ಬಿಡಿ. ಇದು ಎಲ್ಲರಿಗೂ ಆಗುತ್ತದೆ. ನಾನು ಐದು ವರ್ಷದಿಂದ ಸಣ್ಣ ಸರ್ವರ್ ಒಂದನ್ನು ನೋಡಿಕೊಳ್ಳುತ್ತಿದ್ದೇನೆ. ಅದು ಐರೋಲಿ ಕಡೆಯ ಯಾವುದೋ ಡೇಟಾ ಸೆಂಟರ್‌ನಲ್ಲಿದೆ. ಕೆಲಸಕ್ಕೆ ಹೋಗುವಾಗ ಠಾಣೆಯಲ್ಲಿ ಇಳಿದು ವಾಶಿ ಗಾಡಿ ಹತ್ತಿ ದಿನಾ ಅದರ ಪಕ್ಕದಲ್ಲೇ ಹೋಗುತ್ತೇನೆ, ಒಂದು ದಿನವೂ ಮುಖ ನೋಡಿಲ್ಲ.

ನಿಮ್ಮ 80 ಜಿಬಿ ನಿಮ್ಮವರ ಫೋಟೋದಿಂದ ತುಂಬಿದ್ದಲ್ಲ. ನಿಮ್ಮ ಸರ್ವರ್‌ನಲ್ಲಿ ಒಬ್ಬರು ಹೊರಗಿನ ಯಾರನ್ನೋ ಫಾಲೋ ಮಾಡಿದರೆ, ಅವರು ಹಾಕುವ ಪ್ರತಿ ಫೋಟೋ, ವಿಡಿಯೋದ ಒಂದು ಪ್ರತಿ ನಿಮ್ಮ ಡಿಸ್ಕ್‌ಗೆ ಬರುತ್ತದೆ. ಅವರು ಬೂಸ್ಟ್ ಮಾಡಿದ್ದೂ, ಅಂದರೆ ಬೇರೆಯವರದನ್ನು ಮುಂದೆ ಹಂಚಿದ್ದೂ ಬರುತ್ತದೆ. ಎಲ್ಲರ ಪ್ರೊಫೈಲ್ ಚಿತ್ರ, ಮೇಲಿನ ಅಗಲದ ಚಿತ್ರ, ಲಿಂಕ್‌ಗಳ ಪ್ರಿವ್ಯೂ ಕಾರ್ಡ್ ಕೂಡ. ಮನೆಯಲ್ಲಿ 43 ಜನ, ಆದರೆ ಊರಿನವರೆಲ್ಲರ ಮದುವೆ ಆಲ್ಬಮ್ ನಿಮ್ಮ ಅಟ್ಟದ ಮೇಲೆ.

ಮೊದಲು ಟೂಟ್‌ಸಿಟಿಎಲ್ ಮೀಡಿಯಾ ಯೂಸೇಜ್ ಅನ್ನುವ ಕಮಾಂಡ್ ಓಡಿಸಿ. ಯಾವ ಬಗೆಯ ಫೈಲ್ ಎಷ್ಟು ತಿಂದಿದೆ, ಅದರಲ್ಲಿ ನಿಮ್ಮವರದೆಷ್ಟು ಅಂತ ಹೇಳುತ್ತದೆ. ಆಮೇಲೆ ಮೀಡಿಯಾ ರಿಮೂವ್, 7 ದಿನ ಅಂತ ಕೊಡಿ. ಏಳು ದಿನಕ್ಕಿಂತ ಹಳೆಯ ಹೊರಗಿನ ಪ್ರತಿಗಳು ಮಾತ್ರ ಹೋಗುತ್ತವೆ, ನಿಮ್ಮವರು ಹಾಕಿದ್ದನ್ನು ಅದು ಮುಟ್ಟುವುದಿಲ್ಲ. ಯಾರಿಗಾದರೂ ಹಳೆ ಫೋಟೋ ಬೇಕಾದರೆ ಮೂಲ ಸರ್ವರ್‌ನಿಂದ ಮತ್ತೆ ತರಿಸಬಹುದು. ಪ್ರಿವ್ಯೂ ಕಾರ್ಡ್‌ಗಳಿಗೂ ಇಂಥದ್ದೇ ಒಂದು ಕಮಾಂಡ್ ಇದೆ. ಅಡ್ಮಿನ್ ಪುಟದ ಸರ್ವರ್ ಸೆಟ್ಟಿಂಗ್‌ನಲ್ಲಿ ಕಂಟೆಂಟ್ ರಿಟೆನ್ಶನ್ ಅಂತ ಇದೆ, ಅಲ್ಲಿ ಮೀಡಿಯಾ ಕ್ಯಾಶ್‌ಗೆ 7 ಅಂತ ಹಾಕಿಬಿಟ್ಟರೆ ದಿನಾ ತಾನೇ ಗುಡಿಸಿಕೊಳ್ಳುತ್ತದೆ.

ಆದರೆ ಅದೇ ಪುಟದಲ್ಲಿ ಹೊರಗಿನ ಪೋಸ್ಟ್‌ಗಳನ್ನೇ ಅಳಿಸುವ ಇನ್ನೊಂದು ಖಾನೆ ಇದೆ. ದಮ್ಮಯ್ಯ, ಅದರಲ್ಲಿ ಏನೂ ತುಂಬಬೇಡಿ. ಅದು ಬುಕ್‌ಮಾರ್ಕ್ ಮಾಡಿದ್ದು, ಇಷ್ಟಪಟ್ಟಿದ್ದು ಯಾವುದನ್ನೂ ನೋಡದೆ ಗುಡಿಸುತ್ತದೆ, ವಾಪಸ್ ಬರುವುದಿಲ್ಲ. ನಾನು ಜಾಗ ಉಳಿಸುವ ಹುಮ್ಮಸ್ಸಿನಲ್ಲಿ ಅಲ್ಲಿ 30 ಅಂತ ಹಾಕಿ ಒಬ್ಬ ಹಿರಿಯರ ಒಂದು ವರ್ಷದ ಬುಕ್‌ಮಾರ್ಕ್ ಕಳೆದಿದ್ದೇನೆ. ಇವತ್ತಿಗೂ ಸಂಘದಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ.

ಇನ್ನೊಂದು ಸಣ್ಣ ಉಪಾಯ. ಡಿಸ್ಕ್‌ನಲ್ಲಿ 2 ಜಿಬಿ ಜಾಗ ಹಿಡಿಯುವ ಒಂದು ಡಬ್ಬಿ ಫೈಲ್ ಇಟ್ಟಿರಿ, ಸುಮ್ನೆ. ತುಂಬಿ ನಿಂತ ದಿನ ಅದನ್ನು ಅಳಿಸಿದರೆ ಕೈಯಾಡಿಸಲು ಜಾಗ ಸಿಗುತ್ತದೆ. ಹೋಳಿಗೆ ತಣ್ಣಗಾಗುವುದಿಲ್ಲ.

ಎರಡು ಪ್ರಶ್ನೆ: ಹಲವು ಸರ್ವರ್‌ಗಳ ಪೋಸ್ಟ್ ಒಟ್ಟಿಗೆ ತಂದು ಸುರಿಯುವ ರಿಲೇ ಯಾವುದಾದರೂ ಸೇರಿಸಿದ್ದೀರಾ? ಮಾಸ್ಟಡಾನ್‌ನ ಯಾವ ಆವೃತ್ತಿ?

ಒಂದು ಕಟಿಂಗ್ ಚಾಯ್

43 ಜನಕ್ಕೆ ಇಷ್ಟೆಲ್ಲ ಯಾಕೆ? ವಾಟ್ಸಾಪ್ ಗ್ರೂಪ್ ಮಾಡಿ, ಮುಗೀತು.

ಕೋಥರೂಡ್ ಹುಡುಗ

ಚಾಯ್ ಅಣ್ಣ, ಗ್ರೂಪ್ ಇದೆ. ಅದರಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರದ ಶುಭೋದಯ ಬರುತ್ತದೆ. ನಮ್ಮ ಸರ್ವರ್‌ನಲ್ಲಿ ಒಬ್ಬರು ಸೊಲ್ಲಾಪುರದ ಕನ್ನಡದ ಬಗ್ಗೆ ಬರೆಯುತ್ತಾರೆ, ಮರಾಠಿ ಬೆರೆತು ಯಾವ ಪದ ಹೇಗೆ ಬದಲಾಗಿದೆ ಅಂತ. ಅದನ್ನು ಜರ್ಮನಿಯಲ್ಲಿರುವ ಒಬ್ಬರು ಅವರ ಸರ್ವರ್‌ನಿಂದಲೇ ಓದಿ ಉತ್ತರಿಸುತ್ತಾರೆ. ಗ್ರೂಪ್‌ನಲ್ಲಿ ಇದು ಹೇಗೆ ಆಗುತ್ತದೆ?

ಡೊಂಬಿವಲಿಯವರೇ, ರಿಲೇ... ಹಾಕಿದ ನೆನಪು. ನೋಡಿ ಹೇಳುತ್ತೇನೆ. ಆವೃತ್ತಿ 4.2 ಏನೋ. ಹಾಕಿದ ಮೇಲೆ ಮುಟ್ಟಿಲ್ಲ. ಬೈಯಬೇಡಿ.

ವಾಸ್ಕೋ ಮಳೆಗಾಲ

ಅಣ್ಣಾರ, ಮನೆಯಲ್ಲಿ ಇಡೋ ವಿಚಾರಕ್ಕೆ ನನ್ನ ಕಥೆ ಕೇಳ್ರಿ. ಗದಗ ನಮ್ಮೂರು, ಗೋವಾಕ್ಕೆ ಬಂದು ಹನ್ನೊಂದು ವರ್ಷ ಆಯ್ತು. ನಾನು ಒಬ್ಬನಿಗೇ ಅಂತ ಗೋಟುಸೋಶಿಯಲ್ ಹಾಕಿದ್ದೆ. ಪರದೆ ಒಡೆದ ಹಳೆ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಸಾಫ್ಟ್‌ವೇರ್ ಬಗ್ಗೆ ಒಂದು ಮಾತೂ ಕೆಟ್ಟದ್ದು ಹೇಳಲ್ಲ. ಒಂದೇ ಒಂದು ಪ್ರೋಗ್ರಾಮ್ ಫೈಲ್, ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್ ಸಾಕು, ಮಾಸ್ಟಡಾನ್‌ಗೆ ಬೇಕಾಗೋ ರೆಡಿಸ್ ಬೇಡ, ಹಿನ್ನೆಲೆಯಲ್ಲಿ ಪೋಸ್ಟ್, ಮೇಲ್ ಕಳಿಸೋ ಸೈಡ್‌ಕಿಕ್ ಬೇಡ. ಕೆಲವು ನೂರು ಎಂಬಿ ರ‍್ಯಾಮ್‌ನಲ್ಲಿ ಆರಾಮ ಇರುತ್ತದೆ. ಬರೆಯೋಕೆ ಅದರದೇ ಆದ ವೆಬ್ ಪುಟ ಇಲ್ಲ, ಟಸ್ಕಿ, ಫ್ಯಾನ್‌ಪಿ ತರದ ಆ್ಯಪ್ ಬಳಸಬೇಕು. ನನಗೆ ಅದೇ ಸಾಕಿತ್ತು. ನಿಮ್ಮ 43 ಜನರಲ್ಲಿ ಹಿರಿಯರು ಇದ್ದರೆ ಅವರಿಗೆ ಇದನ್ನು ಫೋನ್‌ನಲ್ಲಿ ವಿವರಿಸೋ ಕೆಲಸ ನಿಮ್ಮದು ಅಂತ ತಿಳಿದುಕೊಳ್ಳಿ.

ತೊಂದರೆ ಮನೆಯ ನೆಟ್‌ನದು. ನಮ್ಮ ಕನೆಕ್ಷನ್‌ಗೆ ಸ್ವಂತ ಐಪಿ ಇಲ್ಲ, ನೂರಾರು ಮನೆಗೆ ಸೇರಿಸಿ ಒಂದು, ಸಿಜಿನ್ಯಾಟ್ ಅಂತಾರಲ್ಲ. ಹೊರಗಿನ ಸರ್ವರ್‌ಗಳು ಬಾಗಿಲು ತಟ್ಟೋಕೆ ಬಾಗಿಲೇ ಇಲ್ಲ. ಸ್ಟ್ಯಾಟಿಕ್ ಐಪಿಗೆ ತಿಂಗಳ ತಿಂಗಳ ದುಡ್ಡು ಕೇಳಿದರು. ಅದಕ್ಕೆ ಟನಲ್ ಹಾಕಿದೆ, ಅಂದರೆ ಹೊರಗಿನ ಒಂದು ಸರ್ವರ್ ಮೂಲಕ ಒಳಗೆ ಬರೋ ದಾರಿ. ಜೂನ್ ಬಂತು. ಗೋವಾದ ಮಳೆ ನಿಮಗೆ ಗೊತ್ತಲ್ಲ, ಎರಡು ದಿನ ಕರೆಂಟ್ ಇಲ್ಲ ಅಂದರೆ ಯಾರೂ ಆಶ್ಚರ್ಯಪಡಲ್ಲ. ಸರ್ವರ್ ಸ್ವಲ್ಪ ಹೊತ್ತು ಮಲಗಿದರೆ ಪರವಾಗಿಲ್ಲ, ಮಾಸ್ಟಡಾನ್‌ನಂಥ ಸರ್ವರ್‌ಗಳು ಪೋಸ್ಟ್ ತಲುಪಿಸೋಕೆ ಬಿಟ್ಟು ಬಿಟ್ಟು ಮತ್ತೆ ಪ್ರಯತ್ನ ಮಾಡ್ತಾವೆ. ಜಾಸ್ತಿ ದಿನ ಸತ್ತ ಹಾಗೆ ಬಿದ್ದಿದ್ದರೆ ಮಾತ್ರ ಕೈಬಿಡುತ್ತವೆ.

ನನ್ನನ್ನು ಮುಳುಗಿಸಿದ್ದು ಮಳೆಯೂ ಅಲ್ಲ. ಡಿಸ್ಕ್ ಹೋಯ್ತು. ಬ್ಯಾಕಪ್ ಇದೆ ಅಂತ ನಾನು ನಗ್ತಾ ಇದ್ದೆ. ತೆಗೆದು ನೋಡಿದರೆ ನಾಲ್ಕು ತಿಂಗಳ ಫೈಲ್ ಎಲ್ಲ ಸೊನ್ನೆ ಬೈಟ್. ಫೋಲ್ಡರ್ ಹೆಸರು ಬದಲಾಯಿಸಿದ್ದೆ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋ ಕ್ರಾನ್‌ಗೆ ಹೇಳಿರಲಿಲ್ಲ. ದಿನಾ ರಾತ್ರಿ ಮೂರಕ್ಕೆ ಅದು ನಿಷ್ಠೆಯಿಂದ ಖಾಲಿ ಫೈಲ್ ಮಾಡಿ ಇಡ್ತಾ ಇತ್ತು ಪಾಪ. ಸರಿ, ಅದೇ ಡೊಮೇನ್, ಅದೇ ಹೆಸರಲ್ಲಿ ಹೊಸದಾಗಿ ಶುರು ಮಾಡೋಣ ಅಂದ್ರೆ ಅದೂ ನೆಟ್ಟಗೆ ಆಗಲಿಲ್ಲ. ಪ್ರತಿ ಅಕೌಂಟ್‌ಗೆ ಒಂದು ಕೀಲಿ ಇರುತ್ತದೆ, ಅದರಿಂದ ಸಹಿ ಹಾಕಿ ಪೋಸ್ಟ್ ಹೋಗುತ್ತದೆ. ಬೇರೆ ಸರ್ವರ್‌ಗಳ ನೆನಪಿನಲ್ಲಿ ಹಳೆ ಕೀಲಿ, ನನ್ನ ಕೈಯಲ್ಲಿ ಹೊಸದು. ಹಲವು ಕಡೆ ನನ್ನನ್ನು ನಂಬಲಿಲ್ಲ. ಸಬ್‌ಡೊಮೇನ್ ಹೊಸದು ಮಾಡಿ ಮತ್ತೆ ಮೊದಲಿನಿಂದ.

ಅದಕ್ಕೇ ಹೇಳ್ತೀನಿ, ಇರೋ ಡೊಮೇನ್ ಮೇಲೆ ಮಾಸ್ಟಡಾನ್ ಕಿತ್ತು ಗೋಟುಸೋಶಿಯಲ್ ಕೂರಿಸೋಕೆ ಹೋಗಬೇಡ್ರಿ. ಬೇಕಾದರೆ ಹೊಸ ಹೆಸರಲ್ಲಿ ಹಾಕಿ ಜನರನ್ನು ಕರೀರಿ. ಕರೆದರೂ ಫಾಲೋವರ್‌ಗಳು ಬರ್ತಾರೆ, ಹಳೆ ಪೋಸ್ಟ್‌ಗಳು ಅಲ್ಲೇ ಉಳೀತಾವೆ.

ಮಾಟುಂಗಾ ಮೊಗ್ಗು

ಎಲ್ಲರೂ ಡಿಸ್ಕ್ ಬಗ್ಗೆ ಹೇಳಿದ್ದಾರೆ, ನಾನು ಫೋನ್ ಬಗ್ಗೆ ಹೇಳುತ್ತೇನೆ. ಆ ಭಾನುವಾರ ನಾಲ್ಕು ಜನ ಫೋನ್ ಮಾಡಿದರು ಅಂದಿರಿ. ನಾಲ್ವರೂ ನಿಮಗೇ ಮಾಡಿದರು. ನಿಮ್ಮ ಸರ್ವರ್‌ನ ಕಾಯಿಲೆ ಅದು, 80 ಜಿಬಿ ಅಲ್ಲ.

ಮಾಸ್ಟಡಾನ್‌ನವರ ಅಧಿಕೃತ ಪಟ್ಟಿಯಲ್ಲಿ ಸರ್ವರ್ ಹೆಸರು ಬರಬೇಕಾದರೆ ಒಂದು ಒಪ್ಪಂದ ಇದೆ. ದಿನಾ ಬ್ಯಾಕಪ್ ಇರಬೇಕು, ದ್ವೇಷದ ಮಾತುಗಳನ್ನು ತಡೆಯಬೇಕು, ತುರ್ತಿಗೆ ಇನ್ನೊಬ್ಬರ ಕೈಯಲ್ಲೂ ಸರ್ವರ್‌ನ ಕೀಲಿ ಇರಬೇಕು, ಮುಚ್ಚುವುದಾದರೆ 3 ತಿಂಗಳು ಮೊದಲೇ ಹೇಳಬೇಕು. ನೀವು ಆ ಪಟ್ಟಿಗೆ ಸೇರುವುದು ಬಿಡುವುದು ನಿಮ್ಮಿಷ್ಟ. ಆದರೆ ಆ ಮೂರನೆಯ ಮಾತು ನಿಮಗಾಗಿಯೇ ಬರೆದ ಹಾಗಿದೆ. ನಾಳೆ ನಿಮಗೆ ಡೆಂಗ್ಯೂ ಬಂದು ಹತ್ತು ದಿನ ಮಲಗಿದರೆ, ಡೊಮೇನ್ ನವೀಕರಣದ ಮೇಲ್ ಯಾರ ಇನ್‌ಬಾಕ್ಸ್‌ಗೆ ಬರುತ್ತದೆ? ಡೊಮೇನ್ ಹೋದರೆ ಸರ್ವರ್ ಹೋದ ಹಾಗೆ, ಯಾಕೆಂದರೆ ಮಾಸ್ಟಡಾನ್‌ನಲ್ಲಿ ಒಮ್ಮೆ ಇಟ್ಟ ಡೊಮೇನ್ ಹೆಸರನ್ನು ಆಮೇಲೆ ಬದಲಾಯಿಸಲಾಗುವುದಿಲ್ಲ. 2024ರ ಫೆಬ್ರವರಿಯಲ್ಲಿ ಅಫ್ಘಾನಿಸ್ತಾನದ ಎಎಫ್ ಡೊಮೇನ್ ಇಟ್ಟುಕೊಂಡಿದ್ದ ಒಂದು ಸರ್ವರ್‌ನ ಹೆಸರನ್ನು ತಾಲಿಬಾನ್ ಸರ್ಕಾರ ಕಿತ್ತುಕೊಂಡು, ಆ ಸರ್ವರ್ ನಿಂತೇ ಹೋಯಿತು. ನಿಮ್ಮದು ಯಾರೂ ಕಿತ್ತುಕೊಳ್ಳಬೇಕಿಲ್ಲ, ಕ್ರೆಡಿಟ್ ಕಾರ್ಡ್ ಅವಧಿ ಮುಗಿದರೆ ಸಾಕು.

ಇನ್ನೊಂದು, ಯಾರೂ ಹೇಳದ ವಿಷಯ. ಅಡ್ಮಿನ್ ಮನಸ್ಸು ಮಾಡಿದರೆ ಡೇಟಾಬೇಸ್ ತೆಗೆದು ಜನರ ಖಾಸಗಿ ಸಂದೇಶ ಓದಬಹುದು. ಮಾಸ್ಟಡಾನ್‌ನ ಖಾಸಗಿ ಸಂದೇಶಕ್ಕೆ ವಾಟ್ಸಾಪ್ ತರಹದ ಗೂಢಲಿಪಿ ಇಲ್ಲ. ಅಪರಿಚಿತರ ಸರ್ವರ್‌ನಲ್ಲಿ ಇದು ದೊಡ್ಡ ವಿಷಯ ಅನಿಸದು. ನಮ್ಮವರೇ ಇರುವ ಕಡೆ ಅನಿಸುತ್ತದೆ. ನಾನು ನೋಡಿಕೊಳ್ಳುತ್ತಿದ್ದ ಸರ್ವರ್‌ನಲ್ಲಿ ಒಂದು ಸಂಸ್ಥೆಯ ಚುನಾವಣೆ ವಿಷಯಕ್ಕೆ ಇಬ್ಬರಿಗೆ ಜಗಳ ಆಯ್ತು. ಅವರಲ್ಲೊಬ್ಬರು ನನ್ನ ಮಾವನವರ ಸ್ನೇಹಿತರು. ಮನೆಗೇ ಬಂದು, ಕಾಫಿ ಕುಡಿದು, 'ಅವನು ನನ್ನ ಬಗ್ಗೆ ಯಾರಿಗೆ ಏನು ಬರೆದಿದ್ದಾನೆ, ಸ್ವಲ್ಪ ನೋಡಿ ಹೇಳಮ್ಮ' ಅಂದರು. ಆಗಲ್ಲ ಅಂಕಲ್ ಅಂದೆ. 'ಆಗಲ್ವೋ, ಮಾಡಲ್ವೋ?' ಅಂತ ಕೇಳಿದರು. ಮಾಡಲ್ಲ ಅಂದೆ. ಆ ವರ್ಷ ದೀಪಾವಳಿಗೆ ಅವರ ಮನೆಯಿಂದ ಫರಾಳದ ತಿಂಡಿ ಬರಲಿಲ್ಲ. ಅದಕ್ಕೇ ಈಗ ನಿಯಮಗಳ ಪುಟದಲ್ಲೇ ಬರೆದಿಟ್ಟಿದ್ದೇನೆ: ಗುಟ್ಟಿನ ವಿಷಯ ಇಲ್ಲಿ ಬರೆಯಬೇಡಿ, ಯಾರದನ್ನೂ ತೆಗೆದು ತೋರಿಸುವುದಿಲ್ಲ.

ಕಾನೂನಿನ ಕಡೆಯೂ ಸ್ವಲ್ಪ ನೋಡಿಕೊಳ್ಳಿ. 2021ರ ಐಟಿ ನಿಯಮಗಳು ಬಂದಾಗ ದೂರು ಕೇಳಲು ಒಬ್ಬರ ಹೆಸರು, ಸಂಪರ್ಕ ಸೈಟ್‌ನಲ್ಲಿ ಇರಬೇಕು, 24 ಗಂಟೆಯಲ್ಲಿ ದೂರು ಸಿಕ್ಕಿತು ಅನ್ನಬೇಕು, 15 ದಿನದಲ್ಲಿ ತೀರ್ಮಾನಿಸಬೇಕು ಅಂತ ಇತ್ತು. ಆಮೇಲೆ ತಿದ್ದುಪಡಿಗಳಾಗಿವೆ, ಗಡುವು ಬಿಗಿಯಾಗಿವೆ, ಈಗಿನ ಪಠ್ಯ ತೆಗೆದು ಓದಿ. 50 ಲಕ್ಷ ಬಳಕೆದಾರರ ಗೆರೆ ಇರುವುದು ಹೆಚ್ಚುವರಿ ಹೊಣೆಗಳಿಗೆ. 'ನಮ್ಮದು ಚಿಕ್ಕದು, ಯಾರು ಕೇಳ್ತಾರೆ' ಅನ್ನುವುದು ಉತ್ತರ ಅಲ್ಲ.

ನೋಂದಣಿ ಎಲ್ಲರಿಗೂ ತೆರೆದಿದ್ದರೆ ಇವತ್ತೇ 'ಒಪ್ಪಿಗೆ ಬೇಕು' ಅಂತ ಮಾಡಿ. 2024ರ ಫೆಬ್ರವರಿಯಲ್ಲಿ ಎದ್ದ ಸ್ಪ್ಯಾಮ್ ಅಲೆ ನೆನಪಿದೆಯಾ? ಅದು ಬಂದಿದ್ದೇ ಬಾಗಿಲು ತೆರೆದಿಟ್ಟು ಯಾರೂ ನೋಡಿಕೊಳ್ಳದ ಸಣ್ಣ ಸರ್ವರ್‌ಗಳಿಂದ.

ಕೋಥರೂಡ್ ಹುಡುಗ

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ.

ಮೀಡಿಯಾ ಯೂಸೇಜ್ ನೋಡಿದೆ. ಫೋಟೋ ವಿಡಿಯೋ ಒಟ್ಟು 54 ಜಿಬಿ, ಅದರಲ್ಲಿ ನಮ್ಮವರದು 2 ಜಿಬಿ ಚಿಲ್ಲರೆ. ಉಳಿದದ್ದೆಲ್ಲ ಊರವರ ಆಲ್ಬಮ್. ರಿಲೇ ಇತ್ತು, ಹೌದು. ಶುರುವಿನಲ್ಲಿ ಟೈಮ್‌ಲೈನ್ ಖಾಲಿ ಖಾಲಿ ಅನಿಸುತ್ತಿತ್ತು ಅಂತ ಒಂದು ದೊಡ್ಡ ರಿಲೇ ಸೇರಿಸಿ ಮರೆತೇಬಿಟ್ಟಿದ್ದೆ. ಯಾರೂ ಓದದ ಭಾಷೆಗಳ ಪೋಸ್ಟ್, ಯಾರದೋ ಬೆಕ್ಕು, ಎಲ್ಲ ಬಂದು ಬೀಳುತ್ತಿತ್ತು. ತೆಗೆದೆ. ಏಳು ದಿನದ ಗುಡಿಸುವಿಕೆ ಹಾಕಿದೆ. ಡಿಸ್ಕ್ ಈಗ 31 ಜಿಬಿಗೆ ಇಳಿದಿದೆ. ಸೈಡ್‌ಕಿಕ್ ಸಾಲು ಯಾವಾಗಲೂ ಸಾವಿರಗಟ್ಟಲೆ ಇರುತ್ತಿತ್ತು, ಈಗ ಬಹುತೇಕ ಸೊನ್ನೆ.

ಮೊಗ್ಗು ಅಕ್ಕ, ನಿಮ್ಮ ಉತ್ತರ ಓದಿ ಸ್ವಲ್ಪ ಕೋಪ ಬಂತು, ಆಮೇಲೆ ಹೋಯಿತು. ನಿಗಡಿಯಲ್ಲಿ ನಮ್ಮ ಸದಸ್ಯೆ ಒಬ್ಬರಿದ್ದಾರೆ, ಕೆಲಸದಲ್ಲಿ ಡೇಟಾಬೇಸ್ ನೋಡುವವರು. ನಾನು ಯಾವತ್ತೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಕೇಳಿದ್ದಕ್ಕೆ 'ನೀವು ಯಾರಿಗೂ ಕೊಡಲ್ಲ ಅಂದುಕೊಂಡಿದ್ದೆ' ಅಂದರು. ಶನಿವಾರ ಇಬ್ಬರೂ ಕೂತು ನನ್ನ ಲ್ಯಾಪ್‌ಟಾಪ್‌ನಲ್ಲಿ ಬ್ಯಾಕಪ್‌ನಿಂದ ಎಬ್ಬಿಸಿ ನೋಡಿದೆವು. ಮೊದಲ ಸಲ ಆಗಲೇ ಇಲ್ಲ. ಸರ್ವರ್‌ನ ಪೋಸ್ಟ್‌ಗ್ರೆಸ್ ಹೊಸದು, ಲ್ಯಾಪ್‌ಟಾಪ್‌ನದು ಹಳೆಯದು, ಹೊಸದರಿಂದ ತೆಗೆದ ಪ್ರತಿಯನ್ನು ಹಳೆಯದು ಓದುವುದಿಲ್ಲ. ಅದು ಸರಿ ಮಾಡಿದ ಮೇಲೆ ಡೇಟಾ ಬಂತು, ಆದರೆ ಎರಡು ಹಂತದ ಲಾಗಿನ್ ಇಟ್ಟವರು ಒಳಗೆ ಹೋಗಲಾರರು. ಆಗ ಗೊತ್ತಾಯ್ತು, ಸರ್ವರ್ ಸೆಟ್ಟಿಂಗ್ ಇರುವ ಡಾಟ್ ಎನ್ವ್ ಪ್ರೊಡಕ್ಷನ್ ಫೈಲ್ ನನ್ನ ಬ್ಯಾಕಪ್‌ನಲ್ಲಿ ಇರಲೇ ಇಲ್ಲ! ಎಲ್ಲ ರಹಸ್ಯ ಕೀಲಿ ಅದರಲ್ಲೇ ಇರೋದು. ಈಗ ಎರಡು ಪೆನ್‌ಡ್ರೈವ್, ಒಂದು ಅವರ ಹತ್ತಿರ, ಒಂದು ನಮ್ಮ ದೇವರ ಮನೆಯ ಡ್ರಾಯರ್‌ನಲ್ಲಿ.

ವಾಸ್ಕೋ ಅಣ್ಣ, ಮನೆಯಲ್ಲಿ ಇಡೋ ಆಸೆ ಬಿಟ್ಟೆ. ಗೋಟುಸೋಶಿಯಲ್ ನನ್ನ ಸ್ವಂತಕ್ಕೆ ಯಾವಾಗಾದರೂ.

ಉಳಿದದ್ದು ಒಂದು. ಜನ 'ಹಳೆ ಪೋಸ್ಟ್ ಹುಡುಕಿದರೆ ಸಿಗಲ್ಲ' ಅಂತ ಗೊಣಗುತ್ತಾರೆ. ಹುಡುಕೋದಕ್ಕೆ ಅಂತಲೇ ಇರುವ ಎಲಾಸ್ಟಿಕ್‌ಸರ್ಚ್ ಹಾಕಲಾ?

ಡೊಂಬಿವಲಿ ಸ್ಲೋ ಲೋಕಲ್

4 ಜಿಬಿಯಲ್ಲಿ ಬೇಡ. ಪೋಸ್ಟ್‌ಗಳ ಒಳಗಿನ ಪದ ಹುಡುಕಲು ಅದು ಬೇಕೇ ಬೇಕು ನಿಜ, ಆದರೆ ಅದೊಂದೇ ನಿಮ್ಮ ಅರ್ಧ ರ‍್ಯಾಮ್ ತಿಂದು ಕೂತುಕೊಳ್ಳುತ್ತದೆ. ಅಷ್ಟು ಮಾಡಿದರೂ ಕನ್ನಡಕ್ಕೆ ಪೂರ್ತಿ ಸುಖ ಇಲ್ಲ. 'ಮನೆ' ಅಂತ ಹುಡುಕಿದರೆ 'ಮನೆಯಲ್ಲಿ', 'ಮನೆಗೆ' ಸಿಗಬೇಕಲ್ಲ, ನಮ್ಮ ವಿಭಕ್ತಿ ಬಿಡಿಸುವುದು ಅದಕ್ಕೆ ಗೊತ್ತಿಲ್ಲ. ಹ್ಯಾಶ್‌ಟ್ಯಾಗ್ ಹಾಕಲು ಅಭ್ಯಾಸ ಮಾಡಿಸಿ, ಅದನ್ನು ಫಾಲೋ ಕೂಡ ಮಾಡಬಹುದು. ಸೊಲ್ಲಾಪುರದವರ ಪದಗಳಿಗೆ ಒಂದು ಟ್ಯಾಗ್ ಇಡಿ, ನಾನೂ ಓದುತ್ತೇನೆ.

ಇನ್ನು ನಿಮ್ಮ 4.2. ಬೈಯಬೇಡಿ ಅಂದಿದ್ದೀರಿ, ಬೈಯಲ್ಲ. ಆದರೆ 2024ರ ಫೆಬ್ರವರಿಯಲ್ಲಿ 4.2.5 ಯಾಕೆ ಬಂತು ಅಂತ ಓದಿ. ದೂರದ ಯಾರದೇ ಅಕೌಂಟ್ ಆಗಿ ಸೋಗು ಹಾಕಬಹುದಾದ ತೂತು ಇತ್ತು. ನೀವು ಹಾಕಿದ್ದು ಅದರ ನಂತರ, ಸರಿ, ಆಮೇಲೂ ಎಷ್ಟು ತೂತು ಮುಚ್ಚಿದ್ದಾರೆ. ಹೊಸ ಆವೃತ್ತಿ ಬಿಡುಗಡೆಯಾದಾಗ ಮೇಲ್ ಬರುವ ಹಾಗೆ, ಅದರ ಕೋಡ್ ಇರುವ ಗಿಟ್‌ಹಬ್‌ನಲ್ಲಿ ಒತ್ತಿಡಿ, ನಿಗಡಿಯವರಿಗೂ ಬರಲಿ. ಒಂದೇ ಹಾರಿಗೆ ಹೊಸದಕ್ಕೆ ಹೋಗುವ ಮೊದಲು ನಡುವಿನ ಪ್ರತಿ ಆವೃತ್ತಿಯ ಟಿಪ್ಪಣಿ ಓದಬೇಕು. 4.3ರಿಂದ ಡೇಟಾಬೇಸ್ ಗೂಢಲಿಪಿಗೆ ಅಂತ ಹೊಸದಾಗಿ ಮೂರು ಕೀಲಿ ಮಾಡಿ ಅದೇ ಎನ್ವ್ ಫೈಲ್‌ಗೆ ಹಾಕಬೇಕು. ಆ ಮೂರನ್ನು ಹಾಕಿದ ದಿನವೇ ಎರಡೂ ಪೆನ್‌ಡ್ರೈವ್‌ಗೆ ಹೊಸ ಪ್ರತಿ ಹೋಗಲಿ, ಹಳೆಯದನ್ನು ಅಳಿಸಿ.

ಮೊದಲು ಲ್ಯಾಪ್‌ಟಾಪ್‌ನ ಪ್ರತಿಯ ಮೇಲೆ ಮಾಡಿ ನೋಡಿ, ಆದರೆ ಸೈಡ್‌ಕಿಕ್ ಎಬ್ಬಿಸಬೇಡಿ. ಎಬ್ಬಿಸಿದರೆ ಅದು ನಿಜವಾದ ಸರ್ವರ್ ಅಂದುಕೊಂಡು ಹೊರಗೆಲ್ಲ ಪೋಸ್ಟ್, ಮೇಲ್ ಕಳಿಸಲು ಶುರು ಮಾಡುತ್ತದೆ.

ಕೋಥರೂಡ್ ಹುಡುಗ

ಅಯ್ಯೋ. ಶನಿವಾರ ಎಬ್ಬಿಸಿದ್ದೆವು. ಅದಕ್ಕೇ ಎಲ್ಲರಿಗೂ ಎರಡೆರಡು ಮೇಲ್ ಹೋಗಿದ್ದು.

ಒಂದು ಕಟಿಂಗ್ ಚಾಯ್

ಹಾಗಾದರೆ ನನಗೂ ಒಂದು ಅಕೌಂಟ್ ಕೊಡಿ. ಸೊಲ್ಲಾಪುರದ ಪದಗಳನ್ನು ಓದಬೇಕು, ನಮ್ಮಮ್ಮ ಅಲ್ಲಿಯವರು.

ಕೋಥರೂಡ್ ಹುಡುಗ

ಅರ್ಜಿ ಹಾಕಿ, ಯಾಕೆ ಸೇರಬೇಕು ಅಂತ ಒಂದು ಸಾಲು ಕೇಳುತ್ತದೆ, ಇದನ್ನೇ ಬರೆಯಿರಿ. ಒಪ್ಪಿಗೆ ಕೊಡೋದು ಈ ವಾರ ನಾನಲ್ಲ, ನಿಗಡಿಯವರು.